ಶಾಸನದ ಫೋಟೊ ಸಾಲದು, ಆಳದ ಅಳತೆ ಬೇಕು

ಸವೆದ ಶಾಸನವೊಂದಕ್ಕೆ ಎದುರಿನಿಂದ ಫ್ಲ್ಯಾಶ್ ಹಾಕಿ ಫೋಟೊ ತೆಗೆದರೆ ಬರೀ ಬಂಡೆ ಕಾಣುತ್ತದೆ. ಅದೇ ಕಲ್ಲಿಗೆ ಕತ್ತಲಲ್ಲಿ ಪಕ್ಕದಿಂದ, ಮೈಗೆ ತಾಗಿಸಿದಂತೆ ಓರೆಯಾಗಿ ಟಾರ್ಚ್ ಹಿಡಿದರೆ ಸಾಲು ಸಾಲು ಅಕ್ಷರಗಳು ಎದ್ದು ನಿಲ್ಲುತ್ತವೆ. ಟಾರ್ಚನ್ನು ಬಲಗಡೆಯಿಂದ ಮೇಲಕ್ಕೆ ಸರಿಸಿದರೆ ಅಷ್ಟು ಹೊತ್ತು ಕಾಣುತ್ತಿದ್ದ ಗೆರೆ ಮಾಯವಾಗಿ ಇನ್ನೊಂದು ಮೂಡುತ್ತದೆ. ಶಾಸನ ಓದುವವರಿಗೆಲ್ಲ ಈ ಉಪಾಯ ಗೊತ್ತು. ಗೊತ್ತಿರಬೇಕಾದವರು ‘ಡಿಜಿಟಲೀಕರಣ’ದ ಯೋಜನೆ ಬರೆಯುವ ಅಧಿಕಾರಿಗಳು.

ಓಲೆಗರಿಯಲ್ಲಿ ಮಸಿಯ ಬಣ್ಣ ಬೇರೆ, ಗರಿಯ ಬಣ್ಣ ಬೇರೆ. ಕಲ್ಲಿನಲ್ಲಿ ಆ ಅನುಕೂಲವಿಲ್ಲ. ಅಕ್ಷರವೂ ಕಲ್ಲೇ, ಹಿನ್ನೆಲೆಯೂ ಕಲ್ಲೇ. ಎರಡರ ನಡುವೆ ಇರುವುದು ಉಳಿ ಮಾಡಿದ ಕೆಲವೇ ಮಿಲಿಮೀಟರ್ ತಗ್ಗು. ಮಳೆಬಿಸಿಲಿಗೆ ಸವೆದ ಕಡೆ ಅದೂ ಕೂದಲೆಳೆಯಷ್ಟಾಗಿರುತ್ತದೆ. ಓದಬೇಕಾದ ವಿಷಯವೆಲ್ಲ ಆ ತಗ್ಗಿನಲ್ಲಿದೆ. ಸಾಮಾನ್ಯ ಫೋಟೊ ಆ ತಗ್ಗನ್ನು ಅಳೆಯುವುದಿಲ್ಲ, ಆ ಕ್ಷಣದಲ್ಲಿ ಬಿದ್ದ ಬೆಳಕನ್ನಷ್ಟೇ ಹಿಡಿಯುತ್ತದೆ.

2023ರ ಫೆಬ್ರುವರಿ 1ರಂದು ಮಂಡನೆಯಾದ ಕೇಂದ್ರ ಬಜೆಟ್ ‘ಭಾರತ್ ಶೇರ್ಡ್ ರೆಪೊಸಿಟರಿ ಆಫ್ ಇನ್‌ಸ್ಕ್ರಿಪ್ಶನ್ಸ್’ ಎಂಬ ಭಂಡಾರವನ್ನು ಘೋಷಿಸಿತು. ಮೊದಲ ಹಂತದಲ್ಲಿ 1 ಲಕ್ಷ ಪ್ರಾಚೀನ ಶಾಸನಗಳ ಡಿಜಿಟಲೀಕರಣ ಅದರ ಗುರಿ. ಉದ್ದೇಶ ಒಳ್ಳೆಯದೇ. ಆದರೆ ಸಂಖ್ಯೆಯ ಗುರಿ ಇಟ್ಟುಕೊಂಡ ಯೋಜನೆಗಳಿಗೆ ಒಂದು ಚಾಳಿ ಇರುತ್ತದೆ: ಬೇಗ ಮುಗಿಯುವ ಕೆಲಸವನ್ನೇ ಕೆಲಸವೆಂದು ಎಣಿಸುವುದು. ಹಳೆಯ ಅಚ್ಚನ್ನೋ ಒಂದು ಫೋಟೊವನ್ನೋ ಸ್ಕ್ಯಾನ್ ಮಾಡಿ ಜಾಲತಾಣಕ್ಕೆ ಏರಿಸಿದರೂ ಪಟ್ಟಿಯಲ್ಲಿ ಒಂದು ಶಾಸನ ಏರುತ್ತದೆ. ಕಲ್ಲಿನ ಮೈಯನ್ನು ಅಳೆದು ದಾಖಲಿಸಿದರೂ ಅದೇ ಒಂದು. ಈ ಎರಡು ಕೆಲಸಗಳ ನಡುವಿನ ಅಂತರ ದೊಡ್ಡದು. ಸಾರ್ವಜನಿಕ ಹಣ ಎರಡನೆಯದಕ್ಕೆ ಹೋಗಬೇಕು, ಮತ್ತು ಅದರಿಂದ ಬಂದ ಮೂಲ ದತ್ತಾಂಶ ಎಲ್ಲರ ಕೈಗೂ ಸಿಗಬೇಕು.

ನಮ್ಮ ಹಿರಿಯರು ಆಳದ ದಾಖಲೆಗೆ ಒಂದು ದಾರಿ ಕಂಡುಕೊಂಡಿದ್ದರು. ಅದು ಪಡಿಯಚ್ಚು. ಕಲ್ಲನ್ನು ಉಜ್ಜಿ ತೊಳೆದು, ಒದ್ದೆ ಕಾಗದ ಹಾಸಿ, ಬ್ರಶ್ಶಿನಿಂದ ಬಡಿದು ಕಾಗದವನ್ನು ತಗ್ಗಿನೊಳಕ್ಕೆ ಇಳಿಸಿ, ಮೇಲೆ ಮಸಿ ಒತ್ತಿದರೆ ಕಪ್ಪು ನೆಲದ ಮೇಲೆ ಬಿಳಿ ಅಕ್ಷರಗಳು ಬರುತ್ತವೆ. ಬಿ.ಎಲ್. ರೈಸ್ ಕಾಲದಿಂದ ಇಂದಿನವರೆಗೂ ಕನ್ನಡ ಶಾಸನಶಾಸ್ತ್ರ ನಿಂತಿರುವುದು ಈ ಕಾಗದಗಳ ಮೇಲೆ. 1886ರಿಂದ ಎರಡು ದಶಕ ಹೊರಬಂದ ‘ಎಪಿಗ್ರಾಫಿಯಾ ಕರ್ನಾಟಿಕಾ’ ಸಂಪುಟಗಳಲ್ಲಿ ರೈಸ್ ಸುಮಾರು ಒಂಬತ್ತು ಸಾವಿರ ಶಾಸನಗಳನ್ನು ಪ್ರಕಟಿಸಿದರು. ಅವುಗಳಲ್ಲಿ ಎಷ್ಟೋ ಕಲ್ಲುಗಳು ಇಂದು ಸ್ಥಳದಲ್ಲಿಲ್ಲ. ಪುಸ್ತಕದಲ್ಲಿ ಪಾಠ ಉಳಿದಿದೆ. ಆ ಪಾಠ ಸರಿಯೇ ಎಂದು ಮತ್ತೊಮ್ಮೆ ನೋಡಲು ಕಲ್ಲೇ ಇಲ್ಲ.

ಪಡಿಯಚ್ಚಿಗೂ ಮಿತಿಯಿದೆ. ಕಾಗದ ಇಳಿದ ಕಡೆ ಬಿಳಿ, ಇಳಿಯದ ಕಡೆ ಕಪ್ಪು. ನಡುವಿನ ಹಂತಗಳು ಅಷ್ಟಕ್ಕಷ್ಟೆ. ಉಳಿಯ ಗೆರೆಯೂ ಬಿಳಿ, ನೇಗಿಲು ತಾಗಿದ ಗಾಯವೂ ಬಿಳಿ, ಚಕ್ಕೆ ಎದ್ದ ಜಾಗವೂ ಬಿಳಿ. ‘ಪ’ಕಾರಕ್ಕೂ ‘ಷ’ಕಾರಕ್ಕೂ ಇರುವ ವ್ಯತ್ಯಾಸ ಹೊಟ್ಟೆಯೊಳಗಿನ ಒಂದು ಗೆರೆ. ಆ ಗೆರೆ ಕೊರೆದದ್ದೋ ಬಿರುಕೋ ಎಂದು ಹೇಳಬೇಕಾದರೆ ಅದರ ಆಳ ಎಷ್ಟು, ಅಂಚು ಹೇಗಿದೆ, ಪಕ್ಕದ ಅಕ್ಷರಗಳ ಗೆರೆಗಳಿಗೆ ಹೊಂದುತ್ತದೆಯೇ ಎಂಬುದು ತಿಳಿಯಬೇಕು.

ಕಂಪ್ಯೂಟರ್ ವಿಜ್ಞಾನದ ಒಂದು ಶಾಖೆ ಅರ್ಧ ಶತಮಾನದಿಂದ ಬೆನ್ನು ಹತ್ತಿರುವುದು ಇದನ್ನೇ. 1970ರಲ್ಲಿ ಅಮೆರಿಕದ ಎಂಐಟಿಯಲ್ಲಿ ಬರ್ತೊಲ್ಡ್ ಹಾರ್ನ್ ತಮ್ಮ ಪಿಎಚ್.ಡಿ. ಪ್ರಬಂಧದಲ್ಲಿ ಒಂದು ಪ್ರಶ್ನೆ ಎತ್ತಿಕೊಂಡರು: ಒಂದೇ ಚಿತ್ರದ ನೆರಳು ಬೆಳಕಿನಿಂದ ವಸ್ತುವಿನ ಉಬ್ಬುತಗ್ಗನ್ನು ಲೆಕ್ಕ ಹಾಕಬಹುದೇ? ಬಹುದು, ಆದರೆ ಒಂದು ಚಿತ್ರ ಮೋಸ ಮಾಡುತ್ತದೆ. ಶಾಸನದ ಫೋಟೊವನ್ನು ತಲೆಕೆಳಗು ಮಾಡಿ ನೋಡಿದರೆ ಇದು ಯಾರಿಗೂ ಗೊತ್ತಾಗುತ್ತದೆ. ಕೊರೆದ ಅಕ್ಷರಗಳು ಥಟ್ಟನೆ ಉಬ್ಬಿದಂತೆ ಕಾಣುತ್ತವೆ, ಯಾಕೆಂದರೆ ಬೆಳಕು ಮೇಲಿನಿಂದ ಬೀಳುತ್ತದೆ ಎಂದು ನಮ್ಮ ಕಣ್ಣು ಮೊದಲೇ ತೀರ್ಮಾನಿಸಿಬಿಟ್ಟಿರುತ್ತದೆ. 1980ರಲ್ಲಿ ರಾಬರ್ಟ್ ವುಡ್‌ಹ್ಯಾಮ್ ಇದಕ್ಕೆ ಪರಿಹಾರ ಸೂಚಿಸಿದರು. ಕ್ಯಾಮೆರಾ ಕದಲಬಾರದು, ಬೆಳಕು ಮಾತ್ರ ಬೇರೆ ಬೇರೆ ಕಡೆಯಿಂದ ಬರಬೇಕು. ಮೂರು ದಿಕ್ಕಿನ ಬೆಳಕಿನಲ್ಲಿ ಒಂದೇ ಬಿಂದು ಎಷ್ಟೆಷ್ಟು ಹೊಳೆಯಿತು ಎಂದು ಹೋಲಿಸಿದರೆ ಆ ಬಿಂದುವಿನಲ್ಲಿ ಮೈ ಯಾವ ಕಡೆಗೆ ವಾಲಿದೆ ಎಂಬುದು ಲೆಕ್ಕಕ್ಕೆ ಸಿಗುತ್ತದೆ. ಟಾರ್ಚ್ ಹಿಡಿದವರ ಉಪಾಯವೇ ಇಲ್ಲಿ ಗಣಿತವಾಯಿತು. ಇನ್ನೊಂದು ಲಾಭವೂ ಇದೆ: ಮೈಯ ಬಣ್ಣ ಮತ್ತು ಮೈಯ ಆಕಾರ ಬೇರೆ ಬೇರೆಯಾಗಿ ಸಿಗುತ್ತವೆ. ಹಾವಸೆಯ ಕಲೆ, ಕುಂಕುಮದ ಗುರುತುಗಳನ್ನು ಪರದೆಯ ಮೇಲೆ ಕಳೆದು ಬರೀ ಕಲ್ಲನ್ನು ನೋಡಬಹುದು.

2001ರಲ್ಲಿ ಎಚ್‌ಪಿ ಕಂಪನಿಯ ಪ್ರಯೋಗಾಲಯದ ಟಾಮ್ ಮಾಲ್ಜ್‌ಬೆಂಡರ್ ಮತ್ತು ಸಂಗಡಿಗರು ಈ ದಾರಿಯನ್ನು ಇನ್ನಷ್ಟು ಸುಲಭ ಮಾಡಿದರು. ಹತ್ತಾರು ದಿಕ್ಕಿನ ಬೆಳಕಿನಲ್ಲಿ ತೆಗೆದ ಚಿತ್ರಗಳನ್ನು ಒಂದೇ ಕಡತವಾಗಿಸಿ, ಮೌಸ್ ಸರಿಸಿದಂತೆ ಬೆಳಕು ಸರಿಯುವ ಹಾಗೆ ಮಾಡಿದರು. 2005ರಲ್ಲಿ ಆ ತಂಡ ಅಥೆನ್ಸ್‌ನ ಪುರಾತತ್ವ ವಸ್ತುಸಂಗ್ರಹಾಲಯಕ್ಕೆ ಹೋಯಿತು. ಅಲ್ಲಿದ್ದದ್ದು ಆಂಟಿಕಿಥೆರಾ ದ್ವೀಪದ ಬಳಿ ಮುಳುಗಿದ್ದ ಹಡಗಿನಿಂದ 1901ರಲ್ಲಿ ಮೇಲೆತ್ತಿದ, ಕಿಲುಬು ಹಿಡಿದ ಕಂಚಿನ ಖಗೋಳ ಯಂತ್ರದ ಚೂರುಗಳು. ಈ ವಿಧಾನ ಮತ್ತು ಎಕ್ಸ್‌ರೇ ಸ್ಕ್ಯಾನ್ ಎರಡೂ ಸೇರಿ ಅದರ ಮೇಲೆ ಓದಲು ಸಿಕ್ಕ ಅಕ್ಷರಗಳ ಸಂಖ್ಯೆಯನ್ನು ಹೆಚ್ಚುಕಡಿಮೆ ಇಮ್ಮಡಿ ಮಾಡಿದವು. ಯಾರೂ ಚೂರನ್ನು ಉಜ್ಜಲಿಲ್ಲ, ಕೆರೆಯಲಿಲ್ಲ.

ಇದಕ್ಕೆ ಬೇಕಾದ ಸಾಮಾನು ಕೇಳಿದರೆ ಹುಬ್ಬೇರಬಹುದು. ಸ್ಟ್ಯಾಂಡ್ ಮೇಲೆ ಒಂದು ಕ್ಯಾಮೆರಾ, ಕೈಯಲ್ಲಿ ಹಿಡಿಯುವ ಒಂದು ಫ್ಲ್ಯಾಶ್, ಬೆಳಕಿನ ದೂರ ಪ್ರತಿಸಲ ಒಂದೇ ಇರಲೆಂದು ಒಂದು ದಾರ, ಮತ್ತು ಕಲ್ಲಿನ ಪಕ್ಕ ಇಡಲು ಹೊಳೆಯುವ ಕಪ್ಪು ಗೋಲಿ. ಗೋಲಿಯ ಮೇಲೆ ಬಿದ್ದ ಬೆಳಕಿನ ಚುಕ್ಕೆ ನೋಡಿ ಬೆಳಕು ಯಾವ ದಿಕ್ಕಿನಿಂದ ಬಂತೆಂದು ತಂತ್ರಾಂಶವೇ ಕಂಡುಹಿಡಿಯುತ್ತದೆ. ಇನ್ನೊಂದು ವಿಧಾನದಲ್ಲಿ ಬೆಳಕು ಇದ್ದಲ್ಲೇ ಇದ್ದು ಕ್ಯಾಮೆರಾ ಸುತ್ತುತ್ತದೆ. ಕಲ್ಲಿನ ಸುತ್ತ ನಡೆಯುತ್ತ, ಒಂದರ ಮೇಲೊಂದು ಹಾಯುವಂತೆ ನೂರಾರು ಫೋಟೊ ತೆಗೆದರೆ ಕಂಪ್ಯೂಟರ್ ಅವುಗಳಲ್ಲಿನ ಸಮಾನ ಬಿಂದುಗಳನ್ನು ಹುಡುಕಿ 3ಡಿ ಮಾದರಿ ಕಟ್ಟುತ್ತದೆ. 2009ರಲ್ಲಿ ವಾಷಿಂಗ್ಟನ್ ವಿಶ್ವವಿದ್ಯಾಲಯದವರು ಪ್ರವಾಸಿಗರು ಅಂತರ್ಜಾಲಕ್ಕೆ ಹಾಕಿದ್ದ ಒಂದೂವರೆ ಲಕ್ಷ ಫೋಟೊಗಳಿಂದ ರೋಮ್ ನಗರದ ಸ್ಮಾರಕಗಳ ರೂಪವನ್ನು ಒಂದು ದಿನದೊಳಗೆ ಕಟ್ಟಿ ತೋರಿಸಿದ್ದರು. ಇಂದು ಕೋಲ್‌ಮ್ಯಾಪ್, ಮೆಶ್‌ರೂಮ್‌ನಂಥ ತಂತ್ರಾಂಶಗಳು ಪುಕ್ಕಟೆಯಾಗಿ ಸಿಗುತ್ತವೆ.

ಹಾಗೆಂದು ಮೊಬೈಲ್ ಹಿಡಿದು ಹೊರಟರೆ ಕೆಲಸ ಮುಗಿಯಿತೆಂದಲ್ಲ. ಬರೀ ಫೋಟೊಗಳಿಂದ ಕಟ್ಟಿದ ಮಾದರಿಗೆ ರೂಪವಿರುತ್ತದೆ, ಅಳತೆ ಇರುವುದಿಲ್ಲ. ಕಲ್ಲು ಆರು ಅಡಿಯೋ ಆರು ಅಂಗುಲವೋ ಕಂಪ್ಯೂಟರಿಗೆ ತಿಳಿಯದು. ಪಕ್ಕದಲ್ಲಿ ಗೊತ್ತಾದ ಉದ್ದದ ಅಳತೆಪಟ್ಟಿ ಇಡದೆ ತೆಗೆದ ಸಾವಿರ ಚಿತ್ರವೂ ಅರ್ಧ ದಾಖಲೆಯೇ. ನಯಗೊಳಿಸಿದ ಹೊಯ್ಸಳ ಕಂಬದ ಮುಂದೆ ಈ ವಿಧಾನ ಸೋಲುತ್ತದೆ, ಏಕೆಂದರೆ ಕ್ಯಾಮೆರಾ ಸರಿದಂತೆ ಹೊಳಪೂ ಸರಿಯುತ್ತದೆ, ಸಮಾನ ಬಿಂದುಗಳು ಸಿಗುವುದಿಲ್ಲ. ಇನ್ನು ವರ್ಷವರ್ಷವೂ ಸುಣ್ಣ, ಆಯಿಲ್ ಪೇಂಟ್ ಬಳಿದ ಶಾಸನದಲ್ಲಿ ಯಂತ್ರ ಅಳೆಯುವುದು ಬಣ್ಣದ ಪದರವನ್ನೇ ಹೊರತು ಕಲ್ಲನ್ನಲ್ಲ.

ಕರ್ನಾಟಕದಲ್ಲಿ ಈ ಕೆಲಸಕ್ಕೆ ಮಾದರಿ ಇಲ್ಲದಿಲ್ಲ. 1909ರಲ್ಲಿ ಆರಂಭವಾದ ಬೆಂಗಳೂರಿನ ಮಿಥಿಕ್ ಸೊಸೈಟಿ, 2021ರಿಂದ ಬೆಂಗಳೂರು ಸೀಮೆಯ ಶಾಸನಗಳನ್ನು ಹುಡುಕಿ 3ಡಿ ಸ್ಕ್ಯಾನ್ ಮಾಡುವ ಯೋಜನೆ ನಡೆಸುತ್ತಿದೆ. ಈ ನಗರಕ್ಕೆ ಅದು ಬೇಕಿತ್ತು. ‘ಬೆಂಗಳೂರು ಕಾಳಗ’ವನ್ನು ಹೆಸರಿಸುವ, ಸುಮಾರು ಕ್ರಿ.ಶ. 890ರ ಬೇಗೂರು ಶಾಸನದಿಂದ ಹಿಡಿದು, 2018ರಲ್ಲಿ ಹೆಬ್ಬಾಳದಲ್ಲಿ ಸಿಕ್ಕ, ಸುಮಾರು ಕ್ರಿ.ಶ. 750ರ ಕಿತ್ತಯ್ಯನ ವೀರಗಲ್ಲಿನವರೆಗೆ ಊರಿನ ಇತಿಹಾಸ ಇರುವುದು ಚರಂಡಿ, ರಸ್ತೆ, ನಿವೇಶನಗಳ ನಡುವೆ. ಆದರೆ ಒಂದು ಸಂಸ್ಥೆಯ ಉತ್ಸಾಹ ಇಡೀ ರಾಜ್ಯಕ್ಕೆ ಸಾಲುವುದಿಲ್ಲ. ಚಂದ್ರಯಾನ-2ರ ಭೂನಕ್ಷೆ ಕ್ಯಾಮೆರಾ ಮುಂದೆ, ಕೆಳಗೆ, ಹಿಂದೆ ಎಂದು ಮೂರು ಕೋನಗಳಲ್ಲಿ ಚಂದ್ರನನ್ನು ನೋಡಿ ಅದರ ಏರುತಗ್ಗುಗಳನ್ನು ಅಳೆಯುತ್ತದೆ. ಆ ನೌಕೆಯನ್ನು ಕಳಿಸಿದ ಇಸ್ರೊ ಸಂಸ್ಥೆಯ ಕೇಂದ್ರ ಕಚೇರಿ ಇರುವ ರಾಜ್ಯದಲ್ಲಿ ಕೆರೆ ಏರಿಯ ಮೇಲಿನ ವೀರಗಲ್ಲಿಗೆ ಅಳತೆಯಿಲ್ಲ ಎಂದರೆ ತಂತ್ರಜ್ಞಾನದ ಕೊರತೆ ಎಂದು ಹೇಳಲಾಗದು.

ವೀರಗಲ್ಲು ಬರೀ ಪಠ್ಯವೂ ಅಲ್ಲ. ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿರುವ, 10ನೇ ಶತಮಾನದ ಆತಕೂರು ಶಾಸನದಲ್ಲಿ ಕಾಳಿ ಎಂಬ ನಾಯಿ ಹಂದಿಯೊಂದಿಗೆ ಕಾದಾಡುವ ಉಬ್ಬುಶಿಲ್ಪವಿದೆ, ಅದರ ಸುತ್ತ ಅಕ್ಷರಗಳಿವೆ. ಪಾಠವನ್ನು ಮಾತ್ರ ಅಚ್ಚು ಹಾಕಿದ ಪುಸ್ತಕದಲ್ಲಿ ಆ ಹಂದಿಯ ಮೈಕಟ್ಟಿಗೆ, ಶಿಲ್ಪಿಯ ಉಳಿಯ ಜಾಡಿಗೆ ಜಾಗವಿಲ್ಲ. ಆಳದ ಮಾದರಿಯಲ್ಲಿ ಎರಡೂ ಒಟ್ಟಿಗೆ ಉಳಿಯುತ್ತವೆ.

ಇನ್ನು ಮೂಲ ದತ್ತಾಂಶದ ಮಾತು. ಗುತ್ತಿಗೆದಾರರು ಕೊಡುವುದು ಸಾಮಾನ್ಯವಾಗಿ ನೋಡಲು ಚೆನ್ನಾಗಿರುವ, ತಿರುಗಿಸಬಹುದಾದ ಒಂದು ಮಾದರಿ. ಅದು ಹೇಗೆ ಹುಟ್ಟಿತೋ ಆ ಚಿತ್ರಗಳು ಎಲ್ಲೋ ಹಾರ್ಡ್‌ಡಿಸ್ಕಿನಲ್ಲಿ ಉಳಿಯುತ್ತವೆ ಅಥವಾ ಅಳಿಯುತ್ತವೆ. ಇದು ದೊಡ್ಡ ನಷ್ಟ. 2001ರಲ್ಲಿ ತಾಲಿಬಾನ್ ಬಾಮಿಯಾನ್‌ನ ಬುದ್ಧರನ್ನು ಸಿಡಿಸಿದ ಮೇಲೆ, ಜ್ಯೂರಿಕ್‌ನ ಇಟಿಎಚ್ ಸಂಸ್ಥೆಯ ಆರ್ಮಿನ್ ಗ್ರುಯೆನ್ ತಂಡ ದೊಡ್ಡ ಬುದ್ಧನ ರೂಪವನ್ನು ಕಂಪ್ಯೂಟರಿನಲ್ಲಿ ಮರಳಿ ಕಟ್ಟಿತು. ಅದಕ್ಕೆ ಮುಖ್ಯ ಆಧಾರ ಆಸ್ಟ್ರಿಯದ ರಾಬರ್ಟ್ ಕೋಸ್ಟ್ಕಾ 1970ರಲ್ಲಿ ಅಳತೆಯ ಕ್ಯಾಮೆರಾದಿಂದ ತೆಗೆದಿದ್ದ ಬೆರಳೆಣಿಕೆಯ ಚಿತ್ರಗಳು. ತೆಗೆದಾಗ ಅವುಗಳಿಂದ ಏನೇನು ಪಡೆಯಬಹುದೆಂದು ಯಾರೂ ಊಹಿಸಿರಲಿಕ್ಕಿಲ್ಲ. ಮೂಲ ಉಳಿದಿತ್ತು, ಆದ್ದರಿಂದ ಮೂವತ್ತು ವರ್ಷಗಳ ನಂತರದ ಗಣಿತ ಅದರ ಮೇಲೆ ಕೆಲಸ ಮಾಡಿತು.

ಉಳಿದರೆ ಸಾಲದು, ಬೀಗ ಹಾಕಿಡಲೂ ಬಾರದು. ಕ್ರಿ.ಶ. 79ರಲ್ಲಿ ವೆಸೂವಿಯಸ್ ಜ್ವಾಲಾಮುಖಿಗೆ ಸಿಕ್ಕಿ ಇದ್ದಿಲಾದ ಪ್ಯಾಪಿರಸ್ ಸುರುಳಿಗಳನ್ನು ಬಿಚ್ಚಿದರೆ ಪುಡಿಯಾಗುತ್ತವೆ. ಕೆಂಟಕಿ ವಿಶ್ವವಿದ್ಯಾಲಯದ ಬ್ರೆಂಟ್ ಸೀಲ್ಸ್ ಸುರುಳಿಯನ್ನು ಮುಟ್ಟದೆ, ಸ್ಕ್ಯಾನಿನೊಳಗೆ ಹಾಳೆಯ ಮೇಲ್ಮೈಯನ್ನು ಹಿಂಬಾಲಿಸಿ ಚಪ್ಪಟೆ ಮಾಡುವ ವಿಧಾನವನ್ನು ವರ್ಷಗಟ್ಟಲೆ ಬೆಳೆಸಿದರು. 2023ರಲ್ಲಿ ಆ ಸ್ಕ್ಯಾನುಗಳನ್ನು ಬಹುಮಾನದ ಸ್ಪರ್ಧೆಯೊಂದಿಗೆ ಜಗತ್ತಿಗೆ ತೆರೆದಿಟ್ಟರು. ಅದೇ ವರ್ಷ ಲ್ಯೂಕ್ ಫ್ಯಾರಿಟರ್ ಎಂಬ ಕಾಲೇಜು ವಿದ್ಯಾರ್ಥಿ ಮೊದಲ ಪದವನ್ನು ಓದಿದ. 2024ರ ಫೆಬ್ರುವರಿಯಲ್ಲಿ ಮೂವರು ಯುವಕರ ತಂಡ ಹಲವು ಅಂಕಣಗಳ ಪಠ್ಯವನ್ನು ಹೊರತಂದು 7 ಲಕ್ಷ ಡಾಲರ್ ಗೆದ್ದಿತು. ಸ್ಕ್ಯಾನುಗಳು ಕಪಾಟಿನಲ್ಲೇ ಇದ್ದಿದ್ದರೆ ಆ ಹುಡುಗರಿಗೆ ಸುರುಳಿಯ ಹೆಸರೂ ತಿಳಿಯುತ್ತಿರಲಿಲ್ಲ. ಧಾರವಾಡದ, ಮಂಗಳೂರಿನ ಎಂಜಿನಿಯರಿಂಗ್ ವಿದ್ಯಾರ್ಥಿಗಳಿಗೆ ಹಳಗನ್ನಡ ಶಾಸನಗಳ ಆಳದ ದತ್ತಾಂಶ ಸಿಕ್ಕರೆ ಏನಾಗಬಹುದು ಎಂಬುದನ್ನು ಇದರ ಬೆಳಕಿನಲ್ಲೇ ಯೋಚಿಸಬೇಕು.

ಯಂತ್ರ ಬಂದರೆ ಶಾಸನತಜ್ಞರು ಬೇಡ ಎಂಬ ವಾದವೂ ಆಗಾಗ ಕೇಳಿಬರುತ್ತದೆ. ಅದಕ್ಕೆ ಉತ್ತರ ಗ್ರೀಕ್ ಶಾಸನಗಳಿಂದಲೇ ಬಂದಿದೆ. 2022ರಲ್ಲಿ ಡೀಪ್‌ಮೈಂಡ್ ಪ್ರಕಟಿಸಿದ ‘ಇಥಾಕಾ’ ಎಂಬ ಎಐ, ಮುರಿದುಹೋದ ಪಾಠವನ್ನು ತುಂಬುವಲ್ಲಿ ಒಂಟಿಯಾಗಿ ಶೇ 62ರಷ್ಟು ಸರಿ ಉತ್ತರ ಕೊಟ್ಟಿತು. ಇತಿಹಾಸಕಾರರು ಒಂಟಿಯಾಗಿ ಶೇ 25 ಮುಟ್ಟಿದರು. ಇಬ್ಬರೂ ಜತೆಯಾದಾಗ ಅದು ಶೇ 72 ಆಯಿತು. ಆ ಎಐ ಕಲಿತದ್ದು ವಿದ್ವಾಂಸರು ದಶಕಗಳ ಕಾಲ ಓದಿ, ಸರಿಪಡಿಸಿ, ಕಂಪ್ಯೂಟರಿಗೆ ಏರಿಸಿದ್ದ ಪಾಠಗಳಿಂದ. ಕನ್ನಡಕ್ಕೆ ಅಂಥ ಸಾಧನ ಬೇಕೆಂದರೆ ಮೊದಲು ಹಳಗನ್ನಡ ಲಿಪಿ ಬಲ್ಲ ಹೊಸ ತಲೆಮಾರು ಬೇಕು. ಸ್ಕ್ಯಾನರ್ ಖರೀದಿಗೆ ಹಣವಿಟ್ಟು ಶಾಸನಶಾಸ್ತ್ರದ ಅಧ್ಯಾಪಕ ಹುದ್ದೆ ಖಾಲಿ ಬಿಟ್ಟರೆ, ಓದುವವರಿಲ್ಲದ ಕಡತಗಳು ಸರ್ವರಿನಲ್ಲಿ ತುಂಬುತ್ತವೆ.

ಹಾಗಾಗಿ ಸರ್ಕಾರಗಳು ಟೆಂಡರಿನಲ್ಲಿ ನಾಲ್ಕು ಷರತ್ತು ಬರೆಯಲಿ. ಪ್ರತಿ ಶಾಸನಕ್ಕೂ ಅಳತೆಪಟ್ಟಿ ಸಹಿತವಾದ ಆಳದ ಮಾದರಿ ಇರಬೇಕು. ಒಂದು ಫೋಟೊವನ್ನು ದಾಖಲೆ ಎಂದು ಒಪ್ಪಬಾರದು. ಮೂಲ ಚಿತ್ರಗಳೆಲ್ಲ ಇಲಾಖೆಯ ವಶಕ್ಕೆ ಬರಬೇಕು. ಅವು ಯಾರು ಬೇಕಾದರೂ ಇಳಿಸಿಕೊಳ್ಳುವಂತೆ ಮುಕ್ತವಾಗಿರಬೇಕು. ಕಲ್ಲು ಇರುವ ಜಾಗ, ತೆಗೆದ ದಿನ, ಬಳಸಿದ ವಿಧಾನ ಜತೆಗೇ ದಾಖಲಾಗಬೇಕು. ಕೆಲಸ ಎಲ್ಲಿಂದ ಶುರು ಮಾಡಬೇಕು ಎಂಬುದಕ್ಕೆ ಹೊಸ ಸಮಿತಿ ಬೇಡ. ರೈಸ್ ತಾಲ್ಲೂಕುವಾರು ಸಂಖ್ಯೆ ಹಾಕಿ ಪಟ್ಟಿ ಕೊಟ್ಟು ಹೋಗಿದ್ದಾರೆ. ಆ ಪಟ್ಟಿ ಹಿಡಿದು ಯಾವ ಕಲ್ಲು ಇದೆ, ಯಾವುದು ಇಲ್ಲ ಎಂದು ಮೊದಲು ಗುರುತಿಸಿ, ರಸ್ತೆ ಅಗಲೀಕರಣದ ಗೆರೆಯೊಳಗೆ ಬರುವ ಕಲ್ಲುಗಳನ್ನು ಕಾಮಗಾರಿಗೆ ಒಪ್ಪಿಗೆ ಕೊಡುವ ಮುನ್ನವೇ ಅಳೆಸಬೇಕು.