ಅಳತೆಗೋಲನ್ನು ಅಳೆಯುವವರು ಯಾರು?

ತಕ್ಕಡಿ ಹಿಡಿದು ಕೂತ ನಮ್ಮ ವ್ಯಾಪಾರಿ ಬಂಧುಗಳಿಗೆ ಗೊತ್ತಿದೆ, ತೂಕದ ಕಲ್ಲಿಗೆ ಸರ್ಕಾರದ ಮುದ್ರೆ ಇಲ್ಲದಿದ್ದರೆ ದಂಡ ತಪ್ಪದು. “ನನ್ನ ಕಲ್ಲನ್ನು ನಾನೇ ತೂಗಿ ನೋಡಿದ್ದೇನೆ” ಎಂದರೆ ಇನ್‌ಸ್ಪೆಕ್ಟರು ಕೇಳುವುದಿಲ್ಲ. ಕೇಳಲೂ ಬಾರದು. ಈ ಸಣ್ಣ ನ್ಯಾಯ ಅಮೆರಿಕದ ದೊಡ್ಡ ಕಂಪನಿಯೊಂದಕ್ಕೆ ಅನ್ವಯಿಸಲಿಲ್ಲ.

1990ರ ಏಪ್ರಿಲ್‌ನಲ್ಲಿ ಅಂತರಿಕ್ಷಕ್ಕೇರಿದ ಹಬಲ್ ದೂರದರ್ಶಕಕ್ಕೆ ಬಿದ್ದ ವೆಚ್ಚ ಸುಮಾರು 150 ಕೋಟಿ ಡಾಲರು, ಎಲ್ಲವೂ ಜನರ ತೆರಿಗೆಯ ಹಣ. ಅದರ 2.4 ಮೀಟರು ಅಗಲದ ಕನ್ನಡಿಯನ್ನು ಪರ್ಕಿನ್ ಎಲ್ಮರ್ ಕಂಪನಿ 1981ರಲ್ಲಿ ಉಜ್ಜಿ ಮುಗಿಸಿತ್ತು. ಮೇಲೆ ಹೋದದ್ದೇ ತಡ, ಚಿತ್ರಗಳೆಲ್ಲ ಮಸುಕು! ಕನ್ನಡಿಯ ಅಂಚು 2.2 ಮೈಕ್ರಾನಿನಷ್ಟು, ಎಂದರೆ ತಲೆಗೂದಲಿನ ದಪ್ಪದ ಸುಮಾರು 50ರಲ್ಲೊಂದು ಪಾಲು, ಹೆಚ್ಚು ಚಪ್ಪಟೆಯಾಗಿತ್ತು.

ಇಷ್ಟು ಸೂಕ್ಷ್ಮವನ್ನು ಗಜಕಡ್ಡಿಯಿಂದ ಅಳೆಯಲಾಗದು, ಬೆಳಕಿನಿಂದಲೇ ಅಳೆಯಬೇಕು. ಎರಡು ಸಣ್ಣ ಕನ್ನಡಿ, ಒಂದು ಮಸೂರವಿರುವ ಉಪಕರಣವನ್ನು ದೊಡ್ಡ ಕನ್ನಡಿಯ ಮೇಲ್ಗಡೆ ನಿಲ್ಲಿಸಿ ಬೆಳಕು ಹಾಯಿಸುತ್ತಾರೆ. ಆಕಾರ ಸರಿಯಿದ್ದರೆ ಕಾಣುವ ಪಟ್ಟೆಗಳು ನೆಟ್ಟಗೆ, ತಪ್ಪಿದ್ದರೆ ಸೊಟ್ಟಗೆ. ಪಟ್ಟೆ ನೆಟ್ಟಗಾಗುವ ತನಕ ಉಜ್ಜಬೇಕು. ಆದರೆ ಉಪಕರಣದಲ್ಲೇ ಮಸೂರ 1.3 ಮಿಲಿಮೀಟರು ತಪ್ಪಿ ಕೂತಿತ್ತು. ಅಂತರ ಅಳೆಯುವ ಸರಳಿನ ತುದಿಯಿಂದ ಮರಳಬೇಕಾದ ಬೆಳಕು, ಅದರ ಮುಚ್ಚಳದಲ್ಲಿ ಕಪ್ಪು ಬಣ್ಣ ಕಿತ್ತುಹೋದ ಜಾಗದಿಂದ ಮರಳಿತ್ತು. ಆ ಲೆಕ್ಕಕ್ಕೆ ಮಸೂರ ಹೊಂದದೆ ಹೋದಾಗ ವಾಷರು ತುರುಕಿ ಕೂರಿಸಿದರು. ವಾಷರು ತುರುಕದೆ ಕೂರದು ಎಂದರೆ ಎಲ್ಲೋ ತಪ್ಪಿದೆ ಎಂಬುದು ನಮ್ಮ ಗಿರಣಿಯ ಯಾವ ಫಿಟ್ಟರಿಗೆ ತಿಳಿಯದು? ಆದರೂ ಏಕೆಂದು ಕೇಳಿದವರಿಲ್ಲ.

ಇದಕ್ಕಿಂತ ಘೋರವಾದದ್ದು ಮುಂದಿದೆ. ಬೇರೆ ಎರಡು ಉಪಕರಣಗಳು ತಪ್ಪನ್ನು ತೋರಿಸಿದವು. ಅವು ಅಷ್ಟು ನಿಖರವಲ್ಲವೆಂದು ಅವುಗಳ ಸಾಕ್ಷಿಯನ್ನೇ ತಳ್ಳಿಹಾಕಿದರು. 1990ರ ನವೆಂಬರಿನಲ್ಲಿ ಆಲೆನ್ ಸಮಿತಿ ವರದಿ ಕೊಟ್ಟಾಗ ಇದೆಲ್ಲ ಬಯಲಾಯಿತು. ಹಣದ ಬಿಗಿ, ಗಡುವಿನ ಅವಸರ ಆಗ ಕಂಪನಿಯ ತಲೆಯ ಮೇಲಿತ್ತು. ಮೇಲ್ವಿಚಾರಣೆ ನಡೆಸಬೇಕಾದ ಸರ್ಕಾರಿ ಸಂಸ್ಥೆ ನಾಸಾ ಕೂಡ ಕಣ್ಣಿಟ್ಟು ನೋಡಲಿಲ್ಲ. ಸರ್ಕಾರದ ಹೆಸರಿದ್ದ ಮಾತ್ರಕ್ಕೆ ಜನರ ಕಾವಲು ಇದ್ದಂತಾಗದು ಎಂಬುದನ್ನು ನಮ್ಮ ಪಕ್ಷದವರೂ ಒಪ್ಪಬೇಕು.

ವಾಷರು ಹಾಕಿದ ಕೈಗಳನ್ನು ದೂರುವುದು ಸುಲಭ. ನಾನು ದೂರಲಾರೆ. ಅಳತೆಗೋಲನ್ನು ಹೊರಗಿನವರು ಅಳೆಯಬೇಕಾಗಿತ್ತು. ಆ ಖರ್ಚನ್ನು ಉಳಿಸಿದವರು ಮೇಲೆ ಕೂತವರು. 1993ರ ಡಿಸೆಂಬರಿನಲ್ಲಿ ಗಗನಯಾತ್ರಿಗಳು ಹೋಗಿ, ತಪ್ಪನ್ನು ತಿದ್ದುವ ಪುಟ್ಟ ಕನ್ನಡಿಗಳನ್ನು ಜೋಡಿಸಿ ಬಂದರು. ಆ ಹಣವನ್ನೂ ಕೊಟ್ಟದ್ದು ತೆರಿಗೆದಾರನೇ. ಅದೇ ಅಳತೆಯ ಇನ್ನೊಂದು ಕನ್ನಡಿಯನ್ನು ಕೊಡಾಕ್ ಕಂಪನಿ ಮಾಡಿಟ್ಟಿತ್ತು. ಅದು ಸ್ಮಿತ್‌ಸೋನಿಯನ್ ವಸ್ತುಸಂಗ್ರಹಾಲಯ ಸೇರಿತು.