ಪುಟ್ಟ ಪಿಟೀಲು ಎರವಲು ಸಿಗಲಿ



ಏಳು ತಂತಿಯ ಪಿಟೀಲಿನ ಚೌಡಯ್ಯನವರು ಮೈಸೂರಿನಲ್ಲಿ ಅಯ್ಯನಾರ್ ಸಂಗೀತ ಕಾಲೇಜು ಕಟ್ಟಿದರು. ಬೆಂಗಳೂರಿನಲ್ಲಿ ಅವರ ಹೆಸರಲ್ಲಿ ಪಿಟೀಲಿನ ಆಕಾರದ ಸಭಾಂಗಣವೇ ಇದೆ. ರಂಗಭೂಮಿಯ ಗುಬ್ಬಿ ವೀರಣ್ಣನವರ ತುಮಕೂರು ಜಿಲ್ಲೆಯ ನಮ್ಮ ಮಕ್ಕಳು ಕೇಳುತ್ತಿರುವುದು ಅಷ್ಟು ದೊಡ್ಡದೇನಲ್ಲ. ಆರೇಳು ವರ್ಷದ ಮಗುವಿನ ಕೈಗೆ ಪೂರ್ಣ ಅಳತೆಯ ಪಿಟೀಲು ಎಟುಕದು. ಕಾಲು, ಅರ್ಧ, ಮುಕ್ಕಾಲು ಎಂದು ತೋಳು ಬೆಳೆದಂತೆ ವಾದ್ಯ ಬದಲಿಸಬೇಕು. ಹಳೆಯದು ಅಟ್ಟ ಸೇರುತ್ತದೆ, ಹೊಸದಕ್ಕೆ ಸಾಲ! ಬೇಸಿಗೆ ಸಂಗೀತ ಶಿಬಿರದಲ್ಲಿ ವಾದ್ಯ ಕೈಗೆ ಸಿಕ್ಕರೂ ಅದು ಕೆಲವೇ ದಿನಕ್ಕೆ ಮುಗಿಯುತ್ತದೆ, ಆದರೆ ಕಮಾನು ನೇರ ಎಳೆಯುವುದಕ್ಕೇ ತಿಂಗಳುಗಟ್ಟಲೆ ಬೇಕು. ಕರ್ನಾಟಕ ಸಂಗೀತ ನೃತ್ಯ ಅಕಾಡೆಮಿ, ಊರಿನ ಸಂಗೀತ ಸಭಾಗಳು ಸೇರಿ ಉಪ್ಪಾರಹಳ್ಳಿಯಂಥ ಬಡಾವಣೆಗಳಲ್ಲಿ ಗ್ರಂಥಾಲಯದ ಪುಸ್ತಕದಂತೆ ವಾದ್ಯಗಳನ್ನು ಎರವಲು ಕೊಡಲಿ. ತಂತಿ, ಕಮಾನಿಗೆ ಹಚ್ಚುವ ರೋಸಿನ್ ಖರ್ಚು ಪೋಷಕರು ನೋಡಿಕೊಳ್ಳುತ್ತೇವೆ.

– ಒಬ್ಬ ಪೋಷಕಿ, ಉಪ್ಪಾರಹಳ್ಳಿ, ತುಮಕೂರು