ತೂಬಿನ ಕೀಲಿ ಏಜೆಂಟ್ ಕೈಗೆ?

ಮಾಲೂರಿಂದ ವೈಟ್‌ಫೀಲ್ಡ್‌ಗೆ ಬೆಳಗಿನ ಟ್ರೈನ್‌ನಲ್ಲಿ ಹೋಗೋ ನಮ್ಮ ಗ್ಯಾಂಗ್‌ಗೆ ಈಗ ಒಂದೇ ಮಾತು: ಎಐ ಏಜೆಂಟ್. ಕೋಡ್ ಬರೆಯೋದು ಹಳೇ ಸುದ್ದಿ. ಈಗ ಡಿಎನ್‌ಎಸ್ ಸೆಟ್ಟಿಂಗ್ ಬದಲಾಯಿಸೋ ಟೂಲ್‌ಗಳೂ ಬಂದಿವೆ. "ಈ ಹೆಸರನ್ನ ಹೊಸ ಸರ್ವರ್‌ಗೆ ತಿರುಗಿಸು" ಅಂತ ಕನ್ನಡದಲ್ಲೇ ಟೈಪ್ ಮಾಡಿದ್ರೂ ಸಾಕು, ಕೆಲಸ ಆಗುತ್ತೆ. ನನಗೆ ಇದು ಇಷ್ಟಾನೇ. ಆದ್ರೆ ಕೀಲಿಗೊಂಚಲು ಪೂರ್ತಿ ಕೊಡೋಕೆ ನಾನು ತಯಾರಿಲ್ಲ.

ಡಿಎನ್‌ಎಸ್ ಅಂದ್ರೆ ಹೆಸರು ಕೊಟ್ಟರೆ ವಿಳಾಸ ಹೇಳೋ ವ್ಯವಸ್ಥೆ. 1983ರಲ್ಲಿ ಪಾಲ್ ಮೊಕಾಪೆಟ್ರಿಸ್ ರೂಪಿಸಿದ್ದು. ಇವತ್ತಿಗೂ ನೀವು ಫೋನ್‌ನಲ್ಲಿ ತೆರೆಯೋ ಪ್ರತಿ ಆಪ್ ಹಿಂದೆ ಅದೇ ಇದೆ. ವೆಬ್‌ಸೈಟ್ ಮಾತ್ರ ಅಲ್ಲ, ನಿಮ್ಮ ಇಮೇಲ್ ಯಾವ ಸರ್ವರ್‌ಗೆ ಹೋಗಬೇಕು ಅನ್ನೋದನ್ನೂ ಎಂಎಕ್ಸ್ ಅನ್ನೋ ರೆಕಾರ್ಡ್ ಮೂಲಕ ಅದೇ ಹೇಳುತ್ತೆ. ಮುಳಬಾಗಿಲಿನ ದೋಸೆ ಹೋಟೆಲ್‌ನ ವೆಬ್‌ಸೈಟ್ ಅರ್ಧ ದಿನ ಬಿದ್ದರೂ ಕಾವಲಿ ಮೇಲೆ ದೋಸೆ ನಿಲ್ಲಲ್ಲ. ಶ್ರೀನಿವಾಸಪುರದ ಮಾವಿನ ವ್ಯಾಪಾರಿ ಕಥೆ ಹಾಗಲ್ಲ. ಹೊರರಾಜ್ಯದ ಆರ್ಡರ್ ಮೇಲ್‌ನಲ್ಲಿ ಬರೋದಾದ್ರೆ, ಎಂಎಕ್ಸ್ ತಪ್ಪಿದ ದಿನ ಆರ್ಡರ್ ಸುಮ್ಮನೆ ಬರೋದು ನಿಲ್ಲುತ್ತೆ. ಸೈಟ್ ಚೆನ್ನಾಗೇ ಓಡ್ತಿರುತ್ತೆ, ಯಾರಿಗೂ ಗೊತ್ತಾಗಲ್ಲ. ಹಣ್ಣು ಮಾತ್ರ ಕಾಯಲ್ಲ.

ಇಂಥ ಟೂಲ್ ಒಳಗೆ ಮ್ಯಾಜಿಕ್ ಏನಿಲ್ಲ. 2024ರ ನವೆಂಬರ್‌ನಲ್ಲಿ ಆಂಥ್ರೊಪಿಕ್ ಕಂಪನಿ ಎಂಸಿಪಿ ಅನ್ನೋ ಒಂದು ಕ್ರಮ ಪ್ರಕಟಿಸಿತು. ಏಜೆಂಟ್‌ಗಳು ಹೊರಗಿನ ಟೂಲ್‌ಗಳನ್ನ ಕರೆಯೋಕೆ ಒಂದು ಸಾಮಾನ್ಯ ಭಾಷೆ. ಅದರ ಹಿಂದೆ ಇರೋದು ಅದೇ ಹಳೇ ಎಪಿಐ, ಅದೇ ಟೋಕನ್. ಆ ಟೋಕನ್‌ಗೆ ಎಷ್ಟು ಅಧಿಕಾರ ಇದೆಯೋ ಏಜೆಂಟ್‌ಗೂ ಅಷ್ಟೇ. ಬೇಗ ಮುಗೀಲಿ ಅಂತ ಜನ ಇಡೀ ಅಕೌಂಟ್‌ನ ಟೋಕನ್ ಅಂಟಿಸಿಬಿಡ್ತಾರೆ. ನನ್ನ ತಕರಾರು ಇಲ್ಲೇ.

ನಮ್ಮ ಕೋಲಾರ ಕಡೆ ಕೆರೆಗಳಿಗೆ ನೀರುಗಂಟಿ ಇರ್ತಿದ್ದ. ತೂಬು ಎತ್ತೋದು, ಕಾಲುವೆ ತಿರುಗಿಸೋದು ಅವನ ಕೆಲಸ. ಈ ಸಲ ಯಾವ ಬೆಳೆಗೆ ನೀರು, ಯಾವಾಗಿಂದ ಅನ್ನೋದನ್ನ ತೀರ್ಮಾನ ಮಾಡ್ತಿದ್ದದ್ದು ಊರವರು ಕೂತು. ಏಜೆಂಟ್‌ಗೂ ನಾನು ಆ ಜಾಗವನ್ನೇ ಕೊಡೋದು. (ಹೋಲಿಕೆ ಪೂರ್ತಿ ಸರಿಯಲ್ಲ ಬಿಡಿ. ನೀರುಗಂಟಿಗೆ ಪ್ರತಿ ಗದ್ದೆ ಗೊತ್ತಿತ್ತು. ಏಜೆಂಟ್‌ಗೆ ರೆಕಾರ್ಡ್ ಕಾಣುತ್ತೆ, ಅದರ ಕೆಳಗಿನ ಗದ್ದೆ ಕಾಣಲ್ಲ.)

ಕೋಡ್‌ನಲ್ಲಿ ತಪ್ಪಾದ್ರೆ ವಾಪಸ್ ತಗೋಬಹುದು. ಡಿಎನ್‌ಎಸ್‌ನಲ್ಲಿ ಹಾಗೆ ಆಗಲ್ಲ. ಪ್ರತಿ ಉತ್ತರದ ಜೊತೆ ಟಿಟಿಎಲ್ ಅಂತ ಒಂದು ಆಯುಷ್ಯ ಹೋಗುತ್ತೆ. ಅದು 86400 ಸೆಕೆಂಡ್ ಇದ್ದು, ಏಜೆಂಟ್ ತಪ್ಪು ವಿಳಾಸ ಬರೆದ್ರೆ, ನೀವು ಐದೇ ನಿಮಿಷದಲ್ಲಿ ಸರಿ ಮಾಡಿದ್ರೂ ಅಷ್ಟರೊಳಗೆ ಆ ತಪ್ಪನ್ನ ಓದಿಕೊಂಡ ಸರ್ವರ್‌ಗಳು ಒಂದಿಡೀ ದಿನ ಅದನ್ನೇ ಹೇಳ್ತಿರಬಹುದು. "ಅಂಥ ಹೆಸರೇ ಇಲ್ಲ" ಅನ್ನೋ ಉತ್ತರವನ್ನೂ ಅವು ಸ್ವಲ್ಪ ಹೊತ್ತು ನೆನಪಿಟ್ಟುಕೊಳ್ಳುತ್ತವೆ. ಬಿಟ್ಟ ನೀರು ಕೆರೆಗೆ ವಾಪಸ್ ಬರಲ್ಲ.

ಇದು ಎಐ ಬಂದಮೇಲಿನ ಭಯ ಅಂದ್ಕೋಬೇಡಿ. 2025ರ ಅಕ್ಟೋಬರ್ 20, ನಮಗೆ ನರಕ ಚತುರ್ದಶಿ. ಅಮೆಜಾನ್‌ನ ಉತ್ತರ ವರ್ಜೀನಿಯಾ ಕೇಂದ್ರದಲ್ಲಿ ಡೈನಮೋಡಿಬಿ ಸೇವೆಯ ಡಿಎನ್‌ಎಸ್ ನೋಡಿಕೊಳ್ತಿದ್ದ ಆಟೊಮೇಷನ್ ಒಂದರ ಕಾಲು ಒಂದು ತುಳೀತು. ತಡವಾಗಿ ಬಂದ ಒಂದು ಪ್ರೋಗ್ರಾಂ ಹೊಸ ಪ್ಲಾನ್ ಮೇಲೆ ಹಳೇ ಪ್ಲಾನ್ ಬರೀತು. ಇನ್ನೊಂದು, "ಇದು ಹಳೇದು" ಅಂತ ಅದನ್ನ ಅಳಿಸಿತು. ಉಳಿದದ್ದು ಖಾಲಿ ರೆಕಾರ್ಡ್. ಪ್ರಪಂಚದಾದ್ಯಂತ ಆಪ್‌ಗಳು ಗಂಟೆಗಟ್ಟಲೆ ಒದ್ದಾಡಿದವು; ಕೊನೆಗೆ ಮನುಷ್ಯರೇ ಕೈಯಿಂದ ಸರಿ ಮಾಡಬೇಕಾಯ್ತು. ಅಲ್ಲಿ ಎಐ ಇರಲಿಲ್ಲ, ಬರೀ ಆಟೊಮೇಷನ್. ಎರಡೂ ತಮ್ಮ ತಮ್ಮ ಕೆಲಸವನ್ನೇ ಮಾಡ್ತಿದ್ದವು.

ಮೊನ್ನೆ ನನ್ನ ಟೆಸ್ಟ್ ಡೊಮೇನ್ ಮೇಲೆ, ಓದೋಕೆ ಮಾತ್ರ ಬಿಡೋ ಟೋಕನ್ ಕೊಟ್ಟು, "ಬಳಕೆಯಲ್ಲಿಲ್ಲದ ರೆಕಾರ್ಡ್ ಯಾವುವು?" ಅಂತ ಏಜೆಂಟ್‌ನ ಕೇಳಿದೆ. ಮೂರು ತೋರಿಸಿತು. ಎರಡು ನಿಜವಾಗ್ಲೂ ಕಸ. ನಾನೇ ಮರೆತಿದ್ದವು, ಖುಷಿ ಆಯ್ತು. ಮೂರನೇದು ಡಿಕೆಐಎಂ ಕೀಲಿ, ಅಂದ್ರೆ ಮೇಲ್ ನಮ್ಮದೇ ಅಂತ ಸಾಬೀತು ಮಾಡೋ ಸಹಿ. ಅದನ್ನ ಅಳಿಸಿದ್ರೆ ಮೇಲ್ ನಿಲ್ಲಲ್ಲ, ಗಿರಾಕಿಗಳ ಸ್ಪ್ಯಾಮ್ ಫೋಲ್ಡರ್‌ಗೆ ಜಾರೋಕೆ ಶುರುವಾಗುತ್ತೆ. ಕಂಡುಹಿಡಿಯೋಕೆ ವಾರ ಹಿಡಿಯೋ ಥರದ ತಪ್ಪು.

"ಬದಲಾಯಿಸೋ ಮುಂಚೆ ನನ್ನ ಕೇಳು" ಅಂತ ಪ್ರಾಂಪ್ಟ್‌ನಲ್ಲಿ ಬರೆದರೆ ಆಯ್ತಲ್ಲ ಅಂತೀರಾ? ಅದು ವಿನಂತಿ, ಬೀಗ ಅಲ್ಲ. ಏಜೆಂಟ್ ಓದೋ ಯಾವುದೋ ಮೇಲ್‌ನಲ್ಲಿ ಕಿಡಿಗೇಡಿಯೊಬ್ಬ ಬೇರೆ ಆದೇಶ ಬಚ್ಚಿಟ್ಟಿದ್ರೆ, ಅದು ಆ ಮಾತನ್ನೂ ಕೇಳಿಬಿಡಬಹುದು. ಎಂಎಕ್ಸ್ ಕೈಗೆ ಸಿಕ್ಕವನಿಗೆ ನಿಮ್ಮ ಪಾಸ್‌ವರ್ಡ್ ರಿಸೆಟ್ ಮೇಲ್‌ಗಳೂ ಸಿಗುತ್ತವೆ. ಹಾಗಾಗಿ ಬೀಗ ಟೋಕನ್‌ನಲ್ಲೇ ಇರಬೇಕು. ಕ್ಲೌಡ್‌ಫ್ಲೇರ್‌ನಲ್ಲಿ ಒಂದೇ ಡೊಮೇನ್‌ಗೆ, ಓದೋಕೆ ಮಾತ್ರ ಅಂತ ಟೋಕನ್ ಮಾಡಬಹುದು. ಅಮೆಜಾನ್‌ನ ರೂಟ್ 53ರಲ್ಲಿ ಇಂಥ ಹೆಸರಿನ, ಇಂಥ ಬಗೆಯ ರೆಕಾರ್ಡ್ ಮಾತ್ರ ಮುಟ್ಟಬಹುದು ಅಂತಲೂ ಕಟ್ಟಿಹಾಕಬಹುದು.

ನನ್ನ ಪದ್ಧತಿ ಹೀಗಿದೆ. ಏಜೆಂಟ್ ಬದಲಾವಣೆಯ ಪಟ್ಟಿ ಬರೆದು ಕೊಡುತ್ತೆ. ಹಳೇದು, ಹೊಸದು ಪಕ್ಕಪಕ್ಕ. ನಾನು ಓದಿ ಒಪ್ಪಿದ ಮೇಲೆ ಬರೆಯೋ ಟೋಕನ್ ಬೇರೆ ಕಡೆಯಿಂದ ಓಡುತ್ತೆ. ಹಿಂದಿನ ದಿನವೇ ಟಿಟಿಎಲ್ 300ಕ್ಕೆ ಇಳಿಸಿ, ಇಡೀ ಜೋನ್‌ನ ಒಂದು ಪ್ರತಿ ಎತ್ತಿಟ್ಟಿರ್ತೀನಿ. ಎಂಎಕ್ಸ್ ಮತ್ತು ಎನ್‌ಎಸ್ ರೆಕಾರ್ಡ್‌ಗಳನ್ನ ಅದು ನೋಡಬಹುದು, ಮುಟ್ಟೋ ಹಾಗಿಲ್ಲ. ಇನ್ನು ಮಾವು ವ್ಯಾಪಾರದವರ ಡೊಮೇನ್ ಆದ್ರೆ, ಏಪ್ರಿಲ್ ಕೊನೆಯಿಂದ ನಾನೂ ಕೈ ಹಾಕಲ್ಲ, ಏಜೆಂಟೂ ಹಾಕಲ್ಲ. ಏನಿದ್ರೂ ಜುಲೈ ಕಳೀಲಿ.